ಗಾಡಿ ಜಜ್ಜಿಹೋಗಲಿ, ಪ್ರಾಣವುಳಿಯಲಿ

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯು ನಮ್ಮ ಮಲಪನಗುಡಿಯನ್ನು ಹಾಯ್ದೇ ಹೋಗುವುದು. ಆ ದಾರಿಯಲ್ಲಿ ಓಡುವ ಮೋಟಾರುಗಳಲ್ಲಿ ತಾಯಿಯ ತೊಡೆಯೇರಿದ ಕೂಸನ್ನೂ, ಹಿಂದಿನ ಆಸನದಲ್ಲಿ ಬೆಲ್ಟು ಕಟ್ಟದೆ ಕುಳಿತ ಹಿರಿಯರನ್ನೂ ಕಾಣದ ದಿನವಿಲ್ಲ. “ಗಾಡಿ ಗಟ್ಟಿಯಾಗಿದೆ, ಭಯವೇಕೆ?” ಎಂಬುದು ಅನೇಕ ಗೃಹಸ್ಥರ ನಂಬುಗೆ. ಈ ಗಟ್ಟಿತನವೆಂದರೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಗಾಡಿಯು ಎಲ್ಲೆಡೆಯೂ ಬಂಡೆಯಂತೆ ಬಿರುಸಾಗಿದ್ದರೆ ಒಳಗಿನವರಿಗೆ ಕ್ಷೇಮವಿಲ್ಲ. ಮರದಿಂದ ಉದುರಿದ ಮಾವಿನಕಾಯಿಯು ಕಲ್ಲಿನ ಮೇಲೆ ಬಿದ್ದರೆ ಒಡೆಯುವುದು; ಇಬ್ಬರು ಹಿಡಿದು ನಿಂತ ಗೋಣಿತಾಟಿನ ಮೇಲೆ ಬಿದ್ದರೆ ಉಳಿಯುವುದು. ಬೀಳುವ ವೇಗವು ಎರಡರಲ್ಲಿಯೂ ಒಂದೇ. ಗೋಣಿಯು ತಗ್ಗಿ, ನಿಲ್ಲಲು ತುಸು ಅವಕಾಶ ಕೊಡುವುದಷ್ಟೇ ಭೇದ. ಮರ್ಸಿಡಿಸ್-ಬೆಂಜ್ ಕಂಪನಿಯ ಇಂಜಿನಿಯರಾದ ಬೇಲಾ ಬಾರೆನಿ ಎಂಬಾತನು ಈ ತತ್ತ್ವವನ್ನು ಗಾಡಿಗೆ ಅನ್ವಯಿಸಿದನು. ಮುಂಭಾಗ ಹಿಂಭಾಗಗಳು ಮಡಿಚಿಕೊಂಡು ಆಘಾತವನ್ನು ನುಂಗಬೇಕು, ಜನರು ಕೂಡುವ ನಡುವಣ ಕೋಣೆಯು ಮಾತ್ರ ದೃಢವಾಗಿ ನಿಲ್ಲಬೇಕು ಎಂಬುದು ಆತನ ಸಿದ್ಧಾಂತ. ಅಂತಹ ಗಾಡಿಯು 1959ರಲ್ಲಿ ಹೊರಬಂದಿತು. ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಎಂಬಾತನು ರೂಪಿಸಿದ, ಹೆಗಲನ್ನೂ ಸೊಂಟವನ್ನೂ ಬಿಗಿಯುವ ಬೆಲ್ಟು ಬಳಕೆಗೆ ಬಂದುದೂ ಅದೇ ವರ್ಷದಲ್ಲಿಯೇ.

ಈಗಿನ ತಯಾರಕರು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ಯಾವ ಭಾಗವು ಮಡಿಯಬೇಕು, ಯಾವುದು ಮಡಿಯಬಾರದು ಎಂಬುದನ್ನು ನಿರ್ಣಯಿಸುವರು. ಬಳಿಕ ನಿಜವಾದ ಗಾಡಿಯನ್ನೇ ಡಿಕ್ಕಿ ಹೊಡೆಸಿ ನೋಡುವರು. ನಮ್ಮ ದೇಶದಲ್ಲಿ 2023ನೆಯ ಅಕ್ಟೋಬರ್ 1ರಿಂದ ‘ಭಾರತ್ ಎನ್‌ಕ್ಯಾಪ್’ ಎಂಬ ಪರೀಕ್ಷಾಕ್ರಮವು ಜಾರಿಯಲ್ಲಿರುವುದು. ಇದಕ್ಕೆ ಒಳಗಾಗುವುದು ತಯಾರಕರ ಇಚ್ಛೆಗೆ ಬಿಟ್ಟುದು. ಗಂಟೆಗೆ 64 ಕಿಲೋಮೀಟರು ವೇಗದಲ್ಲಿ, ಗಾಡಿಯ ಅಗಲದ ನೂರಕ್ಕೆ 40 ಭಾಗವು ತಗಲುವಂತೆ, ಅದನ್ನು ಎದುರಿನ ತಡೆಗೆ ಹಾಯಿಸುವರು. ಪಕ್ಕದಿಂದಲೂ 50 ಕಿಲೋಮೀಟರು ವೇಗದ ಬಂಡಿಯೊಂದನ್ನು ಗುದ್ದಿಸುವರು. ಒಳಗೆ ಕುಳ್ಳಿರಿಸಿದ ಮನುಷ್ಯಾಕಾರದ ಬೊಂಬೆಗಳಲ್ಲಿರುವ ಯಂತ್ರಗಳು ತಲೆ, ಕೊರಳು, ಎದೆಗಳಿಗೆ ತಗಲಿದ ಪೆಟ್ಟನ್ನು ಅಳೆಯುವುವು. ಒಂದೂವರೆ ವರ್ಷದ ಮತ್ತು ಮೂರು ವರ್ಷದ ಶಿಶುಗಳನ್ನು ಹೋಲುವ ಬೊಂಬೆಗಳೂ ಉಂಟು. ಫಲವನ್ನು ನಕ್ಷತ್ರಗಳಿಂದ ಸೂಚಿಸುವರು. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಗಾಡಿಯು 2025ರಲ್ಲಿ ಐದು ನಕ್ಷತ್ರಗಳನ್ನು ಪಡೆಯಿತು.

ಆದರೆ ವಾಚಕರು ಒಂದು ಸಂಗತಿಯನ್ನು ಮರೆಯಬಾರದು. ಪರೀಕ್ಷೆಯ ದೊಡ್ಡ ಬೊಂಬೆಗಳು ಬೆಲ್ಟು ಕಟ್ಟಿಕೊಂಡಿರುವುವು. ಚಿಕ್ಕ ಬೊಂಬೆಗಳು ಮಕ್ಕಳಿಗೆಂದೇ ಮಾಡಿದ ಆಸನದಲ್ಲಿರುವುವು. ಆದಕಾರಣ ಆ ನಕ್ಷತ್ರಗಳು ಕಟ್ಟಿಕೊಂಡವರಿಗೆ ಸಲ್ಲತಕ್ಕವು. ಕಟ್ಟದವರಿಗೆ ಅವು ಭರವಸೆ ಕೊಡಲಾರವು.

ಲೆಕ್ಕವನ್ನು ನೋಡಿರಿ. 64 ಕಿಲೋಮೀಟರು ವೇಗದಲ್ಲಿ ಡಿಕ್ಕಿಯಾಗುವುದೆಂದರೆ ಸುಮಾರು 16 ಮೀಟರು ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮಾನ. ಆ ವೇಗದಲ್ಲಿರುವ 10 ಕಿಲೋ ತೂಕದ ಮಗುವು ಅರ್ಧ ಮೀಟರಿನೊಳಗೆ ನಿಲ್ಲಬೇಕಾದರೆ, ಅದನ್ನು ತಡೆಯುವ ಕೈಗಳು 300 ಕಿಲೋ ಭಾರಕ್ಕಿಂತ ಹೆಚ್ಚಾದ ಬಲವನ್ನು ತಾಳಬೇಕು. ಯಾವ ತಾಯಿಯ ತೋಳಿಗೆ ಆ ಶಕ್ತಿಯುಂಟು? ಹಿಂದಿನ ಆಸನದಲ್ಲಿ ಬೆಲ್ಟಿಲ್ಲದೆ ಕುಳಿತವರೂ ಮುಂದಿನವರ ಬೆನ್ನಿಗೆ ಹಾರಿಬಿದ್ದು, ತಮ್ಮೊಡನೆ ಅವರನ್ನೂ ಅಪಾಯಕ್ಕೆ ಗುರಿಮಾಡುವರು.

ಇಂಜಿನಿಯರನು ತನ್ನ ಕರ್ತವ್ಯವನ್ನು ಕಾರ್ಖಾನೆಯಲ್ಲಿಯೇ ಮುಗಿಸಿರುವನು. ಉಳಿದುದು ಮನೆಯ ಯಜಮಾನನದು. ಹಿಂದೆ ಕುಳಿತವರೂ ಸೇರಿ ಎಲ್ಲರೂ ಬೆಲ್ಟು ಬಿಗಿದುಕೊಂಡರೆಂದು ನೋಡಿಕೊಂಡ ಮೇಲೆಯೇ ಗಾಡಿಯನ್ನು ಹೊರಡಿಸಲಿ.