ಸ್ಲಿಮ್ ಆದೆ ಅಂದ್ರೆ ಏನಾದೆ?

ಟೈಫಾಯ್ಡ್‌ನಿಂದ ಎದ್ದ ಮೂರು ವಾರಕ್ಕೆ ಒಂದು ಮದುವೆಗೆ ಹೋಗಿದ್ದೆ. ಗೆಳತಿಯೊಬ್ಬಳು ಕೈ ಹಿಡಿದು, "ಏನೇ, ಎಷ್ಟು ಸ್ಲಿಮ್ ಆಗಿದ್ದೀಯಾ! ಯಾವ ಡಯೆಟ್ಟು?" ಅಂದಳು. ಪಕ್ಕದಲ್ಲಿದ್ದ ಸೋದರತ್ತೆ ಮುಖ ನೋಡಿ, "ಹೀಗೆ ಸೊರಗಿಬಿಟ್ಟಿದ್ದೀಯಲ್ಲೇ, ಹುಷಾರಿರಲಿಲ್ವೇನೇ?" ಅಂದರು. ನನಗೆ ಅಲ್ಲೇ ಕಣ್ಣು ತುಂಬಿತು.

ಮನೆಗೆ ಬಂದವಳೇ ಈ 'ಸ್ಲಿಮ್' ಎಲ್ಲಿಂದ ಬಂತು ಅಂತ ನಿಘಂಟು ತೆಗೆದೆ. ಇಂಗ್ಲಿಷಿಗೆ ಇದು 17ನೇ ಶತಮಾನದಲ್ಲಿ ಡಚ್ ಭಾಷೆಯಿಂದ ಬಂದದ್ದು. ಹಳೆಯ ಡಚ್ಚಿನಲ್ಲಿ ಇದರ ಅರ್ಥ ಓರೆ, ಕೆಟ್ಟದ್ದು! ಜರ್ಮನ್ನರ 'ಶ್ಲಿಮ್' ಇವತ್ತಿಗೂ ಕೆಟ್ಟದ್ದೇ. ಡಚ್ಚರಿಗೆ ಈಗ ಸ್ಲಿಮ್ ಅಂದರೆ ಜಾಣ. ಸೊಂಟದಳತೆಯ ಮಾತೇ ಇಲ್ಲ. ತೆಳ್ಳಗೆ ಅನ್ನೋ ಅರ್ಥ ಬೆಳೆದದ್ದು ಇಂಗ್ಲಿಷಿನಲ್ಲಿ. ಆದರೂ 'ಸ್ಲಿಮ್ ಚಾನ್ಸ್' ಅನ್ನುವಾಗ ಅದು ಹೊಗಳಿಕೆಯೇನಲ್ಲ, ಬರೀ ಕೊರತೆ.

'ಥಿನ್' ಮಾತ್ರ ನಮಗೆ ದೂರದ ನೆಂಟ. ಅದೂ ಸಂಸ್ಕೃತದ 'ತನು'ವೂ ಒಂದೇ ಬೇರಿನವು. ಎಳೆದು ತೆಳ್ಳಗಾದದ್ದು ಅನ್ನೋ ಅರ್ಥದ ಬೇರು ಅದು. ಮಗಳಿಗೆ ತನ್ವಿ ಅಂತ ಹೆಸರಿಟ್ಟವರು ಗಮನಿಸಿ!

ಕನ್ನಡದಲ್ಲಿ ತೆಳ್ಳಗೆ, ಸಪೂರ, ಬಡಕಲು ಎಲ್ಲ ಇವೆ. ಆದರೆ 'ಸೊರಗು' ಅನ್ನೋದನ್ನ ನೀರಿಲ್ಲದ ಗಿಡಕ್ಕೂ ಹೇಳ್ತೀವಿ. ಮೈ ಇಳಿದದ್ದರ ಜೊತೆಗೆ ಯಾಕೆ ಇಳಿಯಿತು ಅನ್ನೋ ಕಳವಳವೂ ಆ ಒಂದೇ ಮಾತಿನಲ್ಲಿದೆ.

ಮರುದಿನ ಅತ್ತೆ ತುಪ್ಪದ ಡಬ್ಬಿ ಕಳಿಸಿದರು. ಗೆಳತಿ ಇನ್ನೂ ಡಯೆಟ್ ಚಾರ್ಟ್ ಕೇಳುತ್ತಿದ್ದಾಳೆ.