ಚೆಂಡು ಎತ್ತೋಕೆ ಹೋಗಬೇಡಿ, ನೆಲ ನೋಡಿ

ನಮ್ಮ ಆಫೀಸಿನ ಗೆಳೆಯರೊಬ್ಬರು ಕಂತಿನ ಮೇಲೆ ಹೊಸ ಐರನ್ ಸೆಟ್ ಕೊಳ್ಳಲು ಹೊರಟಿದ್ದಾರೆ. ಎರಡು ತಿಂಗಳ ಸಂಬಳ ಅದಕ್ಕೇ ಹೋಗುತ್ತೆ. ಯಾಕೆ ಅಂದರೆ, "ಒಂದು ಏಟು ಚೆನ್ನಾಗಿ ಹೋಗುತ್ತೆ, ಮುಂದಿನ ಎರಡು ನೆಲಕ್ಕೆ ಬಡಿಯುತ್ತೆ. ಹಳೇ ಸೆಟ್ಟಿನ ದೋಷ" ಅಂತಾರೆ. ನಾನು ಒಪ್ಪಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡ್ತಿದ್ದೀನಿ. ಗಾಲ್ಫ್ ಆಡೋ ಬ್ಲಾಗಿಗ ಮಿತ್ರರು ಯಾರಾದ್ರೂ ಇದ್ದರೆ ಧಾರಾಳವಾಗಿ ಜಗಳಕ್ಕೆ ಬನ್ನಿ :)

"ಬಾಳೆಹೊಸೂರಿನಾಂವಗ ಗಾಲ್ಫ್ ಯಾಕಪಾ?" ಅಂತ ಊರಲ್ಲಿ ನಗ್ತಾರೆ. ನಿಜ, ಬೆಂಗಳೂರಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ, ನಮ್ಮೂರಲ್ಲಿ ಇರೋದು ಎರಿ ಹೊಲ. ಆದ್ರೆ ನಮ್ಮೂರಲ್ಲಿ ಚಿಣಿಪಣಿ ಇತ್ತು. ನಿಮ್ಮ ಕಡೆ ಚಿನ್ನಿದಾಂಡು ಅಂತಾರಲ್ಲ, ಅದೇ. ಚಿಣಿ ಮೇಲೆ ಹಾರಬೇಕು ಅಂದ್ರೆ ಏನು ಮಾಡ್ತೀವಿ? ಅದರ ಚೂಪು ತುದಿಗೆ ಮೇಲಿಂದ ಕೆಳಗೆ ಟಕ್ ಅಂತ ಬಡಿತೀವಿ. ಏಟು ಕೆಳಗೆ, ಚಿಣಿ ಮೇಲೆ. ಐರನ್ ಏಟಿನ ಗುಟ್ಟೂ ಸುಮಾರು ಇದೇ.

ಗಾಲ್ಫ್ ಆಡದವರಿಗೆ ಎರಡು ಮಾತು. ಐರನ್ ಅಂದ್ರೆ ಲೋಹದ ತೆಳು ತಲೆಯ ಕೋಲು. ನಂಬರ್ ಹೆಚ್ಚಿದಷ್ಟೂ ಅದರ ಮುಖ ಆಕಾಶದ ಕಡೆ ಹೆಚ್ಚು ವಾಲಿರುತ್ತೆ. ಏಳನೇ ನಂಬರಿನದ್ದು ಸುಮಾರು 30 ಡಿಗ್ರಿ. ಚೆಂಡನ್ನು ಎತ್ತುವ ಕೆಲಸ ಆ ವಾಲಿಕೆಯದ್ದು, ನಮ್ಮದಲ್ಲ. ಇದನ್ನು ನಂಬದೇ ಇರೋದರಿಂದಲೇ ಎಲ್ಲಾ ತೊಂದರೆ.

ಚೆಂಡನ್ನು ತಾನೇ ಎತ್ತಬೇಕು ಅಂದುಕೊಂಡವನ ಮೈಭಾರ ಹಿಂದಿನ ಕಾಲಿನ ಮೇಲೇ ಉಳಿಯುತ್ತೆ. ಮಣಿಕಟ್ಟು ಸಾರು ಮೊಗೆದ ಹಾಗೆ ಮೇಲಕ್ಕೆ ತಿರುಗುತ್ತೆ. ಆಗ ಕೋಲಿನ ಹಾದಿಯ ಅತಿ ಕೆಳಗಿನ ಬಿಂದು ಚೆಂಡಿನ ಹಿಂದೆ ಬೀಳುತ್ತೆ. ಒಮ್ಮೆ ಚೆಂಡಿನ ಹಿಂದಿನ ನೆಲಕ್ಕೆ ಬಡಿದು ಚೆಂಡು ಹತ್ತು ಹೆಜ್ಜೆ ಹೋಗುತ್ತೆ. ಇನ್ನೊಮ್ಮೆ ಕೋಲು ಏಳುತ್ತಾ ಚೆಂಡಿನ ನೆತ್ತಿಗೆ ತಾಗಿ, ಅದು ನೆಲ ಸವರಿಕೊಂಡು ಓಡುತ್ತೆ. ನೋಡೋಕೆ ಎರಡು ಬೇರೆ ಬೇರೆ ರೋಗ, ಮೂಲ ಮಾತ್ರ ಒಂದೇ. ನಮ್ಮ ಗೆಳೆಯರು ಒಂದಕ್ಕೆ ಒಂದು ಮದ್ದು, ಇನ್ನೊಂದಕ್ಕೆ ಇನ್ನೊಂದು ಮದ್ದು ಹುಡುಕಿ, ಈಗ ಅಂಗಡಿಗೆ ಬಂದು ನಿಂತಿದ್ದಾರೆ.

ಒಳ್ಳೆ ವೃತ್ತಿಪರ ಆಟಗಾರರ ಏಳನೇ ಐರನ್ ಸುಮಾರು 4 ಡಿಗ್ರಿ ಕೆಳಮುಖವಾಗಿ ಬಂದು ಚೆಂಡಿಗೆ ತಾಗುತ್ತೆ. ಮೊದಲು ಚೆಂಡು, ಆಮೇಲೆ ನೆಲ. ಹುಲ್ಲಿನ ಹೆಂಟೆ ಏಳೋದು ಚೆಂಡಿದ್ದ ಜಾಗದ ಮುಂದೆ. ಇದನ್ನು ಕಲಿಯೋಕೆ ಚೆಂಡೂ ಬೇಕಿಲ್ಲ. ನೆಲದ ಮೇಲೆ ಒಂದು ಸುಣ್ಣದ ಗೆರೆ ಎಳೀರಿ. ಗೆರೆ ಎರಡು ಪಾದಗಳ ನಡುವೆ ಬರೋ ಹಾಗೆ ನಿಂತು, ಹತ್ತು ಸಲ ನಿಧಾನಕ್ಕೆ ಬೀಸಿ. ಪ್ರತಿ ಸಲ ಕೋಲು ಮಣ್ಣು ಕೆದರಿದ್ದು ಎಲ್ಲಿ ಅಂತ ಬಗ್ಗಿ ನೋಡಿ. ಗೆರೆಯ ಹಿಂದೆ ಕೆದರಿದ್ರೆ ಮೈಭಾರ ಇನ್ನೂ ಹಿಂದಿನ ಕಾಲಲ್ಲೇ ಇದೆ ಅಂತ ಅರ್ಥ. ಬಲಗೈಯವರಾದ್ರೆ ಏಟು ಬೀಳೋ ಹೊತ್ತಿಗೆ ಭಾರದ ಬಹುಪಾಲು ಎಡಗಾಲಿಗೆ ಬಂದಿರಬೇಕು, ಕೈಗಳು ಕೋಲಿನ ತಲೆಗಿಂತ ತುಸು ಮುಂದಿರಬೇಕು. ಹತ್ತರಲ್ಲಿ ಎಂಟು ಸಲ ಗೆರೆಯ ಮುಂದೆ ಮಣ್ಣು ಎದ್ದ ಮೇಲೆ ಚೆಂಡು ಇಡಿ. ಅಲ್ಲಿವರೆಗೆ ಜೋರಾಗಿ ಹೊಡೆಯೋ ಆಸೆ ಬೇಡ.

ಡ್ರೈವಿಂಗ್ ರೇಂಜುಗಳ ಚಾಪೆ ಬಗ್ಗೆ ನನಗೆ ಸಿಟ್ಟಿರೋದೂ ಇದಕ್ಕೇ. ಚೆಂಡಿನ ಎರಡು ಇಂಚು ಹಿಂದೆ ಬಡಿದರೂ ಚಾಪೆ ಮೇಲೆ ಕೋಲು ಜಾರಿ ಚೆಂಡಿಗೆ ತಾಗುತ್ತೆ, ಏಟು ಚೆನ್ನಾಗೇ ಹೋಗುತ್ತೆ. ನಿಜವಾದ ಮಣ್ಣು ಹಾಗೆ ಸುಳ್ಳು ಹೇಳಲ್ಲ. ಚಾಪೆ ತೆಗೀರಿ ಅಂತ ಹೇಳ್ತಿಲ್ಲ, ದಿನಾ ನೂರಾರು ಜನ ಹೊಡೆದ್ರೆ ಯಾವ ಹುಲ್ಲೂ ಉಳಿಯಲ್ಲ. ಮೂಲೆಯಲ್ಲಿ ಎರಡು ಮಾರು ಬರೀ ಮಣ್ಣು ಬಿಡಿ, ಸಾಕು. ಕಲಿಯೋರ ಅರ್ಧ ದುಡ್ಡು ಉಳಿಯುತ್ತೆ.

ದೂರ ಹೊಡೆಯೋದೇ ಆಟ ಅನ್ನೋರಿಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಟೋಕಿಯೋ ಒಲಿಂಪಿಕ್ಸಿನಲ್ಲಿ (2021ರಲ್ಲಿ ನಡೆದದ್ದು) ಅವರದ್ದು ಉಳಿದವರಿಗೆ ಹೋಲಿಸಿದರೆ ತೀರಾ ಗಿಡ್ಡ ಹೊಡೆತ. ಆದ್ರೂ ಒಂದೇ ಒಂದು ಏಟಿನಲ್ಲಿ ಕಂಚು ತಪ್ಪಿ ನಾಲ್ಕನೆಯವರಾದ್ರು. ಇದು ದುಡ್ಡಿದ್ದವರಿಗೆ ಮಾತ್ರ ಬರೋ ಆಟ ಅನ್ನೋರಿಗೆ ಚಿಕ್ಕರಂಗಪ್ಪ ಇದ್ದಾರೆ. ಬಿಡದಿ ಹತ್ತಿರದ ಮೈದಾನದಲ್ಲಿ ಕ್ಯಾಡಿಯಾಗಿ ಶುರು ಮಾಡಿ ವೃತ್ತಿಪರ ಆಟಗಾರನಾದವರು.

ಹಾಗಂತ ಕೋಲು ಲೆಕ್ಕಕ್ಕೇ ಇಲ್ಲ ಅಂತಲ್ಲ. ನಿಮ್ಮ ಎತ್ತರಕ್ಕೆ ಉದ್ದ ಹೊಂದದಿದ್ರೆ, ತಲೆಯ ಕೋನ ತಪ್ಪಿದ್ರೆ ಚೆಂಡು ಅತ್ತಿತ್ತ ಹೋಗುತ್ತೆ, ಅದನ್ನು ಸರಿಪಡಿಸಲೇಬೇಕು. ಆದ್ರೆ ಅದೆಲ್ಲ ಮಣ್ಣು ಗೆರೆಯ ಮುಂದೆ ಏಳೋಕೆ ಶುರುವಾದ ಮೇಲೆ. ದಿನಕ್ಕೊಂದು ಜಾಗಕ್ಕೆ ಬಡಿಯೋ ಕೋಲಿಗೆ ಯಾವ ಅಳತೆ ತಗೋತೀರಿ?

ಗೆಳೆಯರಿಗೆ ಒಂದು ತಿಂಗಳು ಗಡುವು ಕೊಟ್ಟಿದ್ದೀನಿ. ಒಂದು ಡಬ್ಬಿ ಸುಣ್ಣ, ಹಳೇ ಏಳನೇ ಐರನ್, ಬೆಳಿಗ್ಗೆ ಅರ್ಧ ಗಂಟೆ. ಆಮೇಲೂ ಸೆಟ್ ಬೇಕು ಅನ್ನಿಸಿದ್ರೆ ಮೊದಲ ಕಂತು ನಾನೇ ಕಟ್ತೀನಿ ಅಂದಿದ್ದೀನಿ. ಕಟ್ಟಬೇಕಾಗುತ್ತಾ? ನೀವೇನಂತೀರಿ?