ಬೂಟು ಅಟ್ಟಕ್ಕೇಕೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಆರ್‌ಪಿಸಿ ಲೇಔಟ್‌ನ ಮನೆಮನೆಗಳಲ್ಲೂ ಒಂದೇ ಚರ್ಚೆ: ಸೈನ್ಸೋ, ಕಾಮರ್ಸೋ? ಹೈಸ್ಕೂಲು ತಂಡದಲ್ಲಿ ಫುಟ್‌ಬಾಲ್ ಆಡಿದ ಹುಡುಗನ ಬೂಟು ಆ ವಾರವೇ ಅಟ್ಟ ಸೇರುತ್ತದೆ. 'ಎರಡು ವರ್ಷ ಸುಮ್ಮನೆ ಓದು, ಆಮೇಲೆ ಬೇಕಾದಷ್ಟು ಆಡುವೆಯಂತೆ' ಎನ್ನುತ್ತಾರೆ ಅಪ್ಪ.

ಆ 'ಆಮೇಲೆ' ಸುಲಭವಾಗಿ ಬರುವುದಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ 17ರಿಂದ 25 ವರ್ಷದವರು ಆಡಬಹುದು. ಅದಕ್ಕೆಂದೇ ಪದವಿ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಆಟಗಾರರನ್ನು ಹುಡುಕುತ್ತಾರೆ. ಆದರೆ ಹದಿನೈದಕ್ಕೆ ಆಟ ಬಿಟ್ಟವನು ಹದಿನೆಂಟಕ್ಕೆ ಮೈದಾನಕ್ಕಿಳಿದರೆ ಕಾಲಿನಲ್ಲಿ ಹಳೆಯ ಓಟವಿಲ್ಲ, ಕೈಯಲ್ಲಿ ಪಿಯು ಮಟ್ಟದ ಪ್ರಮಾಣಪತ್ರವಿಲ್ಲ. ತಂಡ ಕಟ್ಟುವವರಾದರೂ ಏನು ನೋಡಿ ಆರಿಸಬೇಕು?

ಆಡಿದರೆ ಓದು ಹಾಳಾದೀತೆಂಬ ಭಯವೆ? ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಇನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿ. ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಪದವಿಯನ್ನೂ ಮುಗಿಸಿದರು. ಎಲ್ಲರೂ ಕುಂಬ್ಳೆಯಾಗರು, ನಿಜ. ಆದರೆ ಸಂಜೆ ಒಂದು ಗಂಟೆ ಆಡಲು ಕುಂಬ್ಳೆಯೇ ಆಗಬೇಕಿಲ್ಲ.

ಪಾಲಕರೇ, ಪಿಯು ಕಾಲೇಜಿಗೆ ಅರ್ಜಿ ಹಾಕುವಾಗ ಶುಲ್ಕದ ಜೊತೆ ಇನ್ನೆರಡು ಮಾತು ಕೇಳಿ: ಇಲ್ಲಿ ತಂಡವಿದೆಯೆ? ಪಂದ್ಯಕ್ಕೆ ಹೋದ ದಿನ ಹಾಜರಾತಿ ಸಿಗುತ್ತದೆಯೆ? ಪರೀಕ್ಷೆಗೆ ಶೇಕಡ 75 ಹಾಜರಾತಿ ಬೇಕಲ್ಲ! ವಿದ್ಯಾರ್ಥಿಗಳೇ, ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಸಿಇಟಿಯಲ್ಲೂ ಕ್ರೀಡಾ ಕೋಟಾ ಇದೆ.

ಬೂಟು ಮಾತ್ರ ಅಟ್ಟಕ್ಕೆ ಬೇಡ, ಬಾಗಿಲ ಬಳಿಯೇ ಇರಲಿ.